ಜೀವಮಾನಕ್ಕೆ 90 ದಿನ

ಕೆಲಸ ಕಳೆದುಕೊಂಡವರ ಅರ್ಜಿ ತುಂಬಿಕೊಡುವುದು ನನ್ನ ಕಸುಬಲ್ಲ. ಆದರೆ ನಾಸಿಕ್‌ನಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲ ಅನುವಾದಕಿ ಎಂದು ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಅಂಥ ಕಾಗದಗಳೂ ಬಾಗಿಲಿಗೆ ಬರುತ್ತವೆ. ಹಾಗೆ ಬಂದವರು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಒಬ್ಬ ಕಾರ್ಮಿಕರು. ಆಗಿನ್ನೂ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ, ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದರು. 2020ರ ಲಾಕ್‌ಡೌನ್‌ನಲ್ಲಿ ಅದು ಹೋಯಿತು. ಇಎಸ್‌ಐನಿಂದ 90 ದಿನದ ನಿರುದ್ಯೋಗ ಪರಿಹಾರ ಸಿಕ್ಕಿತು. ಆಮೇಲೆ ನಾಸಿಕ್‌ಗೆ ಬಂದು ಅಂಬಡ್ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಹಿಡಿದರು. ಅದೂ ಹೋಯಿತು. ಮತ್ತೆ ಅರ್ಜಿ ಹಾಕಲು ಹೋದರೆ ಬಂದ ಉತ್ತರ: ನಿಮ್ಮದು ಮುಗಿದಿದೆ, ಇದು ಜೀವಮಾನಕ್ಕೆ 90 ದಿನ ಮಾತ್ರ.

"ಅಕ್ಕೋರೆ, ಕೆಲಸ ಜೀವನದಾಗ ಒಮ್ಮಿನೇ ಹೋಗ್ತದೇನ್ರಿ?" ಎಂದು ಅವರು ಕೇಳಿದರು.

ಕಿಟಕಿಯ ಆಚೆ ಕೂತ ಗುಮಾಸ್ತರ ತಪ್ಪೇನಿಲ್ಲ. ಅವರು ನಿಯಮ ಓದಿ ಹೇಳಿದರು. ನನ್ನ ಜಗಳ ಆ ನಿಯಮದ ಜೊತೆ.

ಅದರ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಂದು ಎರಡು ವರ್ಷದ ಪ್ರಯೋಗ ಎಂದು ಶುರುವಾಯಿತು. ಕೆಲಸ ಹೋದ ವಿಮಾದಾರರಿಗೆ ಸರಾಸರಿ ದಿನಗೂಲಿಯ ಶೇ. 25ರಷ್ಟು, ಗರಿಷ್ಠ 90 ದಿನ. 2020ರಲ್ಲಿ ಅದನ್ನು ಶೇ. 50ಕ್ಕೆ ಏರಿಸಿದರು, ಕೆಲಸ ಹೋಗಿ 90 ದಿನ ಕಾಯಬೇಕಿದ್ದುದನ್ನು 30 ದಿನಕ್ಕೆ ಇಳಿಸಿದರು, ಮಾಲೀಕರ ಕೈಗೆ ಹೋಗದೆ ನೇರವಾಗಿ ಅರ್ಜಿ ಕೊಡಲು ಬಿಟ್ಟರು. ಒಳ್ಳೆಯ ಬದಲಾವಣೆಗಳೇ. ಅಲ್ಲಿಂದ ಮುಂದೆ ಆಗಾಗ ಸುದ್ದಿ ಬರುತ್ತದೆ: ಯೋಜನೆಯ ವಿಸ್ತರಣೆ.

ಭಾಷಾಶಾಸ್ತ್ರ ಓದಿದವಳಿಗೆ ಈ ಪದ ಚುಚ್ಚುತ್ತದೆ. ಕನ್ನಡದಲ್ಲಿ ಅವಧಿಯನ್ನೂ ವಿಸ್ತರಿಸಬಹುದು, ವ್ಯಾಪ್ತಿಯನ್ನೂ ವಿಸ್ತರಿಸಬಹುದು. ಸರ್ಕಾರ ಮತ್ತೆ ಮತ್ತೆ ಮಾಡುತ್ತಿರುವುದು ಮೊದಲನೆಯದನ್ನು, ಅಂದರೆ ತಾರೀಖು ಮುಂದೂಡುವುದನ್ನು. ಕಾಯಿಲೆ, ಹೆರಿಗೆ, ಅಂಗವೈಕಲ್ಯದ ಸೌಲಭ್ಯಗಳು 1948ರ ಇಎಸ್‌ಐ ಕಾಯ್ದೆಯಲ್ಲೇ ಇದ್ದವು. ನಿರುದ್ಯೋಗದ ಹಣ ಮಾತ್ರ ಕಾಯ್ದೆಯ ಹೊರಗೆ, ಪ್ರಯೋಗವಾಗಿ ನಿಂತಿದೆ. 2020ರಲ್ಲಿ ಸಂಸತ್ತು ಸಾಮಾಜಿಕ ಭದ್ರತಾ ಸಂಹಿತೆ ಅಂಗೀಕರಿಸಿತಲ್ಲ, ಲಾಕ್‌ಡೌನ್ ಆದ ಅದೇ ವರ್ಷ? ಅದರ ಇಎಸ್‌ಐ ಅಧ್ಯಾಯದ ಸೌಲಭ್ಯಗಳ ಪಟ್ಟಿಯಲ್ಲೂ ನಿರುದ್ಯೋಗ ಸೇರಲಿಲ್ಲ.

ಇದು ಭಿಕ್ಷೆಯ ವಿಷಯವಲ್ಲ ಎಂದು ತಿಳಿಯಲು ಒಂದು ಪಗಾರ ಚೀಟಿ ನೋಡಿ. ತಿಂಗಳಿಗೆ 15,000 ರೂಪಾಯಿ ಪಡೆಯುವ ಕಾರ್ಮಿಕರು ಎಂದುಕೊಳ್ಳಿ. ಅವರ ವಂತಿಗೆ ಶೇ. 0.75, ಮಾಲೀಕರದು ಶೇ. 3.25, ಒಟ್ಟು 600 ರೂಪಾಯಿ ಪ್ರತಿ ತಿಂಗಳು ಇಎಸ್‌ಐಗೆ ಹೋಗುತ್ತದೆ. ಹತ್ತು ವರ್ಷಕ್ಕೆ 72,000. ಶೇ. 50ರ ಲೆಕ್ಕದಲ್ಲಿ ಅವರಿಗೆ ಜೀವಮಾನದಲ್ಲಿ ಸಿಗಬಹುದಾದ ನಿರುದ್ಯೋಗ ಪರಿಹಾರ ದಿನಕ್ಕೆ 250ರಂತೆ 22,500. ವಂತಿಗೆಯ ದೊಡ್ಡ ಪಾಲು ಆಸ್ಪತ್ರೆ, ಔಷಧಿಗೆ ಹೋಗಬೇಕಾದದ್ದೇ, ಒಪ್ಪುತ್ತೇನೆ. ಆದರೆ "ದುಡ್ಡೆಲ್ಲಿದೆ?" ಎಂದು ಕೇಳುವವರು ಇದನ್ನು ನೆನಪಿಡಬೇಕು: 2019ರ ಜುಲೈವರೆಗೆ ಒಟ್ಟು ವಂತಿಗೆ ಶೇ. 6.5 ಇತ್ತು. ಅದನ್ನು ಶೇ. 4ಕ್ಕೆ ಇಳಿಸಿದ್ದು ಸರ್ಕಾರವೇ. ಅದರಲ್ಲಿ ಮಾಲೀಕರ ಪಾಲು ಶೇ. 4.75ರಿಂದ 3.25ಕ್ಕೆ ಇಳಿಯಿತು. ಆ ಒಂದೂವರೆಯಲ್ಲಿ ಅರ್ಧವನ್ನಾದರೂ ನಿರುದ್ಯೋಗ ವಿಮೆಗೆಂದು ತೆಗೆದಿಟ್ಟಿದ್ದರೆ?

ಅದೇ ಚೀಟಿಯಲ್ಲಿ ಇನ್ನೊಂದು ಸಾಲಿದೆ: ವೃತ್ತಿ ತೆರಿಗೆ. ಮಹಾರಾಷ್ಟ್ರದಲ್ಲಿ ಈ ಸಂಬಳದ ಗಂಡಸರಿಗೆ ವರ್ಷಕ್ಕೆ 2,500 ರೂಪಾಯಿ. 1972ರ ಬರದಲ್ಲಿ ಮರಾಠವಾಡ ಒಣಗಿ ಹೋದಾಗ ಆ ರಾಜ್ಯ ಉದ್ಯೋಗ ಖಾತರಿ ಯೋಜನೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಅದಕ್ಕೆ ಹಣ ಹೊಂದಿಸಲು 1975ರಲ್ಲಿ ಬಂದದ್ದು ಈ ತೆರಿಗೆ. 1977ರಲ್ಲಿ ಖಾತರಿ ಕಾನೂನೇ ಆಯಿತು: ಕೆಲಸ ಕೇಳಿದವರಿಗೆ ಕೊಡಬೇಕು, ಕೊಡದಿದ್ದರೆ ಭತ್ಯೆ ಕೊಡಬೇಕು. 2005ರಲ್ಲಿ ಇಡೀ ದೇಶಕ್ಕೆ ಬಂದ ನರೇಗಾ ಕಾಯ್ದೆಗೆ ಮಾದರಿಯಾದದ್ದು ಇದೇ. ಅಂದರೆ ಹಳ್ಳಿಯವರ ಖಾತರಿಗೆ ಪೇಟೆಯ ದುಡಿಮೆಗಾರರು ಐವತ್ತು ವರ್ಷದಿಂದ ತೆರಿಗೆ ಕಟ್ಟುತ್ತಾ ಬಂದಿದ್ದಾರೆ. ಕಟ್ಟಬೇಕಾದದ್ದೇ. ಆದರೆ ವಾಳೂಜ್, ಚಿಕಲ್‌ಠಾಣಾ, ಸಾತ್‌ಪುರ, ಅಂಬಡ್‌ಗಳಲ್ಲಿ ಅವರದೇ ಕೆಲಸ ಹೋದಾಗ, ಅಂಥ ಹಕ್ಕು ಬರೆದಿಟ್ಟ ಕಾನೂನಿನ ಪುಟ ಒಂದೂ ಇಲ್ಲ.

ಇವೆರಡೂ ವಾಹನ ಉದ್ಯಮದ ಊರುಗಳು. 2019ರಲ್ಲಿ ವಾಹನ ಮಾರಾಟ ಕುಸಿಯಿತು, ಮರುವರ್ಷ ಲಾಕ್‌ಡೌನ್ ಬಂತು. ಆರ್ಡರ್ ಕಡಿಮೆಯಾದಾಗ ಮೊದಲು ಹೊರಗೆ ಹೋಗುವವರು ಗುತ್ತಿಗೆಯವರು. 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎರಡು ವರ್ಷದವರೆಗೂ ಭತ್ಯೆ ಕೊಡಬಲ್ಲದು, ಮೊದಲ ವರ್ಷ ಶೇ. 50, ಎರಡನೆಯ ವರ್ಷ ಶೇ. 25. ಆದರೆ ಅದಕ್ಕೆ ಕಾರ್ಖಾನೆ ಮುಚ್ಚಿರಬೇಕು, ಇಲ್ಲವೇ ಕಾನೂನಿನ ಪ್ರಕಾರ ಛಾಂಟಣಿ ಆಗಿರಬೇಕು. ಗುತ್ತಿಗೆಯವರನ್ನು ಯಾರೂ ಕಾನೂನಿನ ಪ್ರಕಾರ ತೆಗೆಯುವುದಿಲ್ಲ. ಒಂದು ಸೋಮವಾರ ಗೇಟ್ ಪಾಸ್ ನವೀಕರಿಸುವುದಿಲ್ಲ, ಅಷ್ಟೆ.

ಕರ್ನಾಟಕದ ನಾವು ಬೀಗುವಂತಿಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ, ಎರಡು ವರ್ಷ. ಇನ್ನೂ ಕೆಲಸ ಸಿಗದವರಿಗೆ ಅದು ಆಸರೆ. ಪೀಣ್ಯದಲ್ಲಿ ಹದಿನೈದು ವರ್ಷ ಲೇತ್ ಓಡಿಸಿ ನಲವತ್ತರಲ್ಲಿ ಬೀದಿಗೆ ಬಿದ್ದವರಿಗೆ ಅಲ್ಲಿ ಜಾಗವಿಲ್ಲ.

ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ಇದ್ದೇ ಇದೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ, ನಿಜ. ಆದರೆ ದಿನಕ್ಕೆ 250 ರೂಪಾಯಿ ಯಾವ ಊರಿನ ಕುಡಿಕೆ ಹೊನ್ನು? ಅಂಬಡ್‌ನಲ್ಲಿ ಖೋಲಿ ಬಾಡಿಗೆ ಕಟ್ಟಿ, ಊರಿಗೆ ಒಂದಿಷ್ಟು ಕಳಿಸಿದ ಮೇಲೆ ಸೋಮಾರಿತನಕ್ಕೆ ಏನು ಉಳಿಯುತ್ತದೆ? ಆ ಹಣದಿಂದ ಆಗುವುದು ಇಷ್ಟೇ: ಸಿಕ್ಕ ಮೊದಲ ಅರ್ಧ ಕೂಲಿಗೆ ತಲೆಬಾಗದೆ, ತನಗೆ ಬರುವ ಕೆಲಸವನ್ನು ಒಂದೆರಡು ತಿಂಗಳು ಹುಡುಕಬಹುದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1952ರ 102ನೇ ಒಡಂಬಡಿಕೆ ಕನಿಷ್ಠ ಮಟ್ಟವೊಂದನ್ನು ಹೇಳಿತ್ತು: ಹಿಂದಿನ ಸಂಬಳದ ಶೇ. 45, ಹನ್ನೆರಡು ತಿಂಗಳ ಅವಧಿಯಲ್ಲಿ 13 ವಾರ. ಭಾರತ ಅದಕ್ಕೆ ಸಹಿ ಹಾಕಿಲ್ಲ. 13 ವಾರ ಎಂದರೆ 91 ದಿನ. ನಮ್ಮದು 90. ಒಂದು ದಿನದ ವ್ಯತ್ಯಾಸಕ್ಕೆ ನಾನು ಜಗಳವಾಡುವುದಿಲ್ಲ. ಅವರು ಹನ್ನೆರಡು ತಿಂಗಳ ಲೆಕ್ಕ ಹಾಕಿದ ಕಡೆ ನಾವು ಇಡೀ ಜೀವಮಾನ ಎಂದು ಬರೆದುಕೊಂಡಿದ್ದೇವಲ್ಲ, ಅದಕ್ಕೆ.

ಹಾಗಾಗಿ ಬೇಡಿಕೆ ಮೂರೇ. ನಿರುದ್ಯೋಗ ಪರಿಹಾರ ಕಾಯ್ದೆಯೊಳಗೆ ಬರಲಿ, ಪ್ರಯೋಗದ ಹಣೆಪಟ್ಟಿ ಹೋಗಲಿ. ಜೀವಮಾನದ ಮಿತಿ ರದ್ದಾಗಲಿ; ಮತ್ತೆ ವಂತಿಗೆ ಕಟ್ಟಿದವರಿಗೆ ಮತ್ತೆ ಹಕ್ಕು ಹುಟ್ಟಲಿ. ಗುತ್ತಿಗೆದಾರ ಬದಲಾದರೂ ವಿಮಾ ಸಂಖ್ಯೆ ಒಂದೇ ಇರುತ್ತದೆ. ಅರ್ಹತೆಗೆ ಆ ದಾಖಲೆಯೇ ಸಾಕ್ಷಿಯಾಗಲಿ.

ಆಳಂದದ ಅವರು ಈಗ ಮತ್ತೊಬ್ಬ ಗುತ್ತಿಗೆದಾರರ ಕೈಕೆಳಗಿದ್ದಾರೆ. ಮೊದಲಿಗಿಂತ ಕಡಿಮೆ ಪಗಾರ. ಇಎಸ್‌ಐ ವಂತಿಗೆ ತಿಂಗಳು ತಿಂಗಳು ಕಡಿತವಾಗುತ್ತಿದೆ. ಅವರ ನಿರುದ್ಯೋಗದ ಕೋಟಾ ಮಾತ್ರ 2020ರಲ್ಲೇ ಮುಗಿದಿದೆ. ಮುಂದಿನ ಸಲ ಪತ್ರಿಕೆಯಲ್ಲಿ "ಯೋಜನೆ ವಿಸ್ತರಣೆ" ಎಂದು ಓದಿದಾಗ, ವಿಸ್ತರಿಸಿದ್ದು ಏನನ್ನು ಎಂದು ನಿಮ್ಮ ಸಂಸದರನ್ನು ಒಮ್ಮೆ ಕೇಳಿ.