ಕೆಡವುವ ಮೊದಲು ಕೇಳಬೇಕಾದ್ದು

ಮುಂಬಯಿಯ ಅಂಧೇರಿಯಲ್ಲಿ ಗೋಖಲೆ ಸೇತುವೆ ಎಂದೊಂದಿದೆ. ನಮ್ಮ ಸದಸ್ಯರಲ್ಲಿ ಅನೇಕರ ಅಣ್ಣತಮ್ಮಂದಿರು, ನೆಂಟರಿಷ್ಟರು ಆ ಕಡೆ ಹೋಟೆಲು, ಬ್ಯಾಂಕುಗಳಲ್ಲಿ ಇರುವುದರಿಂದ ಆ ಹೆಸರು ಕೆಲವರ ಕಿವಿಗಾದರೂ ಬಿದ್ದಿರಬೇಕು. 2022ರ ನವೆಂಬರ್ 7ರಂದು ವಾಹನಗಳಿಗೆ ಮುಚ್ಚಿದ ಈ ಸೇತುವೆಯನ್ನು ಕೆಡವಿ, ಹೊಸದಾಗಿ ಕಟ್ಟಿ, ಪೂರ್ತಿಯಾಗಿ ತೆರೆದದ್ದು 2025ರ ಮೇ 11ರಂದು. ಎರಡೂವರೆ ವರ್ಷ. ಅಷ್ಟು ಕಾಲವೂ ಅಲ್ಲಿನ ನಿವಾಸಿಗಳ ದೂರು ಪತ್ರಿಕೆಗಳಲ್ಲಿ ಎಡೆಬಿಡದೆ ಬಂತು. ನಮ್ಮ ಹೊಳೆಯ ಸೇತುವೆಯನ್ನೂ ಕೆಡವಿ ಕಟ್ಟುವ ಪ್ರಸ್ತಾಪ ಈಗ ನಮ್ಮ ಮುಂದಿರುವುದರಿಂದ, ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಸದಸ್ಯರ ಗಮನಕ್ಕೆ ತರುವುದು ಅವಶ್ಯವೆಂದು ನನಗೆ ತೋರಿದೆ.

ಪಶ್ಚಿಮ ರೈಲ್ವೆಯ ಹಳಿಗಳು ಅಂಧೇರಿಯನ್ನು ಪೂರ್ವ, ಪಶ್ಚಿಮ ಎಂದು ಎರಡು ಹೋಳು ಮಾಡಿವೆ. ಮನೆ ಒಂದು ಕಡೆ, ಶಾಲೆ ಆಸ್ಪತ್ರೆಗಳು ಇನ್ನೊಂದು ಕಡೆ. ಹಳಿ ದಾಟಲು ಇರುವ ದಾರಿಗಳೇ ಕೆಲವು. ಅವುಗಳಲ್ಲಿ ಒಂದಾದ ಅಂಧೇರಿ ಸಬ್‌ವೇ ಜೋರು ಮಳೆ ಬಂದರೆ ನೀರು ತುಂಬಿ ಮುಚ್ಚಿಹೋಗುತ್ತದೆ. ಹೀಗಿರುವಾಗ ಗೋಖಲೆ ಸೇತುವೆಯನ್ನೂ ಮುಚ್ಚಿದರೆ ವಾಹನಗಳೆಲ್ಲ ಪಾರ್ಲೆಯತ್ತಲೋ ಜೋಗೇಶ್ವರಿಯತ್ತಲೋ ಸುತ್ತಬೇಕು. ಕೂಗಳತೆಯ ದೂರಕ್ಕೆ ಗಂಟೆಗಟ್ಟಲೆ ಕಳೆಯಬೇಕಾಗಿ ಬಂದರೆ ಯಾರಿಗೆ ಸಿಟ್ಟು ಬಾರದು? ಮಳೆಗಾಲದಲ್ಲಿ ಹೊಳೆಯ ಆಚೆ ದಡದ ತೋಟವನ್ನು ಈಚೆ ನಿಂತು ನೋಡಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಸೇತುವೆಯನ್ನು ಮುಚ್ಚಿದ್ದೇ ತಪ್ಪೆಂದು ಹೇಳುವವರೊಡನೆ ನನ್ನ ಸಹಮತವಿಲ್ಲ. 2018ರ ಜುಲೈ 3ರ ಬೆಳಿಗ್ಗೆ ಇದೇ ಸೇತುವೆಯ ಕಾಲುದಾರಿಯ ಭಾಗ ಮುರಿದು ಹಳಿಗಳ ಮೇಲೆ ಬಿದ್ದಿತ್ತು. ಗಾಯಗೊಂಡವರಲ್ಲಿ ಇಬ್ಬರು ಆಮೇಲೆ ತೀರಿಕೊಂಡರು. ಮರುವರ್ಷ ಮಾರ್ಚ್ 14ರಂದು ಛತ್ರಪತಿ ಶಿವಾಜಿ ನಿಲ್ದಾಣದ ಬಳಿಯ ಕಾಲುಸೇತುವೆ ಜನರ ಸಮೇತ ರಸ್ತೆಗೆ ಕುಸಿಯಿತು. ಸಣ್ಣಪುಟ್ಟ ದುರಸ್ತಿ ಸಾಕೆಂದು ತಪಾಸಣೆಯವರು ಬರೆದುಕೊಟ್ಟಿದ್ದ ಸೇತುವೆ ಅದು. ಇನ್ನು ಗುಜರಾತಿನ ಮೋರ್ಬಿಯ ತೂಗುಸೇತುವೆ. ದುರಸ್ತಿ ಮುಗಿಯಿತೆಂದು 2022ರ ಅಕ್ಟೋಬರ್ 26ರಂದು ತೆರೆದರು, 30ರ ಸಂಜೆ ಕಡಿದು ಬಿತ್ತು, 135 ಮಂದಿ ಸತ್ತರು. ಗೋಖಲೆ ಸೇತುವೆಯನ್ನು ಮುಚ್ಚಿದ್ದು ಅದಾದ ಎಂಟನೆಯ ದಿನ. ಗಡಿಬಿಡಿಯಲ್ಲಿ ತೆರೆಯುವುದಕ್ಕಿಂತ ಮುಚ್ಚುವುದು ಲೇಸು ಎಂಬುದರಲ್ಲಿ ಎರಡು ಮಾತಿಲ್ಲ.

ನಿವಾಸಿಗಳ ನ್ಯಾಯವಾದ ಪ್ರಶ್ನೆ ಬೇರೆಯದು. ಸೇತುವೆ ಶಿಥಿಲವಾಗಿದೆ ಎಂದು 2018ರಲ್ಲೇ ಗೊತ್ತಾದ ಮೇಲೆ ನಾಲ್ಕು ವರ್ಷ ಏನು ಮಾಡಿದಿರಿ? ಮುಚ್ಚುವ ದಿನ ಬಂದಾಗ ಕೆಡವುವವರು ಯಾರೆಂಬುದೇ ತೀರ್ಮಾನವಾಗಿರಲಿಲ್ಲ. ಹಳಿಗಳ ಮೇಲಿನ ಭಾಗ ರೈಲ್ವೆಯ ಸುಪರ್ದಿಗೆ, ಇಬ್ಬದಿಯ ಏರುದಾರಿ ಮಹಾನಗರಪಾಲಿಕೆಗೆ. ನೀವು ಕೆಡವಿ, ನಾವು ಕಟ್ಟುತ್ತೇವೆ ಎಂಬ ಪತ್ರವ್ಯವಹಾರ ಮುಗಿಯುವ ತನಕ ಮುಚ್ಚಿದ ಸೇತುವೆ ಮುಚ್ಚಿದಂತೆಯೇ ನಿಂತಿತ್ತು. ಕೊನೆಗೆ ಹಳಿಗಳ ಮೇಲಿನದನ್ನು ರೈಲ್ವೆಯವರು ಕೆಡವಿದರು.

2023ರ ಮೇ ತಿಂಗಳೊಳಗೆ, ಅಂದರೆ ಮಳೆಗೆ ಮೊದಲು, ಎರಡು ಪಥಗಳನ್ನಾದರೂ ತೆರೆಯುತ್ತೇವೆಂದು ಮಾತು ಕೊಟ್ಟಿದ್ದರು. ಉಕ್ಕು ಬರಲು ತಡವಾಯಿತು. ತೊಲೆಗಳನ್ನು ಸಿದ್ಧಪಡಿಸುತ್ತಿದ್ದ ಕಾರ್ಖಾನೆ ಹರಿಯಾಣದ ಅಂಬಾಲಾದಲ್ಲಿ. 2023ರ ಜುಲೈಯಲ್ಲಿ ಅಲ್ಲಿ ನೆರೆ ಬಂತು. ಮೊದಲ ತೊಲೆಯನ್ನು ಹಳಿಗಳ ಮೇಲೆ ದಾಟಿಸಲು ಆರಂಭಿಸಿದ್ದು ಡಿಸೆಂಬರಿನಲ್ಲಿ. ನೆರೆಗೆ ಯಾರೂ ಹೊಣೆಯಲ್ಲ, ಒಪ್ಪೋಣ. ಆದರೆ ಉಕ್ಕಿನ ತೊಲೆ ತಯಾರಾಗಲು ಇಂತಿಷ್ಟು ತಿಂಗಳು ಬೇಕೆಂಬುದು ಮುಚ್ಚುವ ದಿನವೂ ಗೊತ್ತಿದ್ದ ಸಂಗತಿಯೇ. ಕಣ ಸಾರಿಸುವ ಮೊದಲೇ ಕಾಫಿ ಹಣ್ಣು ಕೊಯ್ಯಿಸಿ ರಾಶಿ ಹಾಕುವ ಬೆಳೆಗಾರನನ್ನು ನಾವು ಏನೆನ್ನುತ್ತೇವೆ?

2024ರ ಫೆಬ್ರವರಿ 26ರಂದು ಅರ್ಧ ಸೇತುವೆ ತೆರೆದಾಗ ಆದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಗೋಖಲೆ ಸೇತುವೆಯ ಪಶ್ಚಿಮದ ತುದಿಗೆ ಬರ್ಫಿವಾಲಾ ಮೇಲ್ಸೇತುವೆ ಎಂಬ ಇನ್ನೊಂದು ಬಂದು ಕೂಡುತ್ತಿತ್ತು. ಹೊಸ ಸೇತುವೆ ಕಟ್ಟಿ ನೋಡಿದರೆ ಎರಡರ ಮಟ್ಟಕ್ಕೂ ಒಂದೂವರೆ ಮೀಟರಿನಷ್ಟು ಅಂತರ! ರೈಲು ಹಳಿಗಳ ಮೇಲೆ ಹೊಸದಾಗಿ ಕಟ್ಟುವ ಸೇತುವೆಗೆ ಈಗಿನ ನಿಯಮದಂತೆ ಹಿಂದಿನದಕ್ಕಿಂತ ಹೆಚ್ಚು ಎತ್ತರ ಬೇಕು. ಸೇತುವೆ ಎತ್ತರವಾಯಿತು, ಪಕ್ಕದ ಮೇಲ್ಸೇತುವೆ ಇದ್ದಲ್ಲೇ ಉಳಿಯಿತು. ಊರೆಲ್ಲ ನಕ್ಕಿತು. ಆಮೇಲೆ ತಾಂತ್ರಿಕ ಸಂಸ್ಥೆಯ ಸಲಹೆ ಪಡೆದು, ಬರ್ಫಿವಾಲಾದ ತುದಿಯ ಚಪ್ಪಡಿಯನ್ನು ಹೈಡ್ರಾಲಿಕ್ ಜಾಕಿಗಳಿಂದ ಒಂದು ಬದಿ ಸುಮಾರು 1.4 ಮೀಟರ್, ಇನ್ನೊಂದು ಬದಿ 0.65 ಮೀಟರ್ ಎತ್ತಿ, ಕೆಳಗೆ ಆಧಾರ ಕಟ್ಟಿ, ಜುಲೈ 4ಕ್ಕೆ ಜೋಡಿಸಿದರು. ಎತ್ತಿ ನಿಲ್ಲಿಸಿದ ಇಂಜಿನಿಯರುಗಳ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದರ ಅಗತ್ಯ ಏಕೆ ಬಿತ್ತು? ಎರಡೂ ಸೇತುವೆಗಳ ನಕ್ಷೆಯನ್ನು ಒಂದೇ ಮೇಜಿನ ಮೇಲೆ ಹರಡಿ, ಕೂಡುವ ಜಾಗವನ್ನು ತನ್ನದೆಂದು ನೋಡುವ ಒಬ್ಬ ಜವಾಬ್ದಾರ ಅಧಿಕಾರಿ ಇದ್ದಿದ್ದರೆ ಸಾಕಿತ್ತೆಂಬುದು ನನ್ನ ಅಭಿಪ್ರಾಯ. ಆ ಎಡೆಯಲ್ಲಿ ಎರಡು ಇಲಾಖೆಗಳಿದ್ದವು, ಹಲವು ಅಧಿಕಾರಿಗಳಿದ್ದರು, ಆ ಒಬ್ಬ ಇರಲಿಲ್ಲ.

ಸರಕಾರಿ ಕೆಲಸವೇ ಇಷ್ಟು ಎಂದು ಕೈಚೆಲ್ಲುವವರಿಗೆ ಇನ್ನೊಂದು ಸೇತುವೆಯನ್ನು ನೆನಪಿಸುತ್ತೇನೆ. ಮುಂಬಯಿ-ಗೋವಾ ಹೆದ್ದಾರಿಯಲ್ಲಿ ಮಹಾಡದ ಬಳಿ ಸಾವಿತ್ರಿ ನದಿಗಿದ್ದ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹಕ್ಕೆ ಕೊಚ್ಚಿಹೋಯಿತು. ಎರಡು ಸಾರಿಗೆ ಬಸ್ಸುಗಳು ಪ್ರಯಾಣಿಕರ ಸಮೇತ ನೀರುಪಾಲಾದವು. ಹೊಸ ಸೇತುವೆ 2017ರ ಜೂನ್‌ಗೆ, ಮಳೆ ಹಿಡಿಯುವ ಮೊದಲು, ಸಂಚಾರಕ್ಕೆ ತೆರೆಯಿತು. ಕಾಮಗಾರಿ ನಡೆದದ್ದು 165 ದಿನ. ಅಲ್ಲಿ ಕೆಳಗೆ ಲೋಕಲ್ ರೈಲುಗಳಿಲ್ಲ, ರಾತ್ರಿ ಮೂರು ಗಂಟೆ ಹಳಿ ಬಿಟ್ಟುಕೊಡಿ ಎಂದು ಯಾರನ್ನೂ ಬೇಡಬೇಕಾಗಿರಲಿಲ್ಲ, ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಒಂದೇ ಇಲಾಖೆ, ಒಂದೇ ಗುತ್ತಿಗೆ, ಎಲ್ಲರಿಗೂ ತಿಳಿಸಿದ ಒಂದು ತಾರೀಖು, ಇವು ಇದ್ದರೆ ಇದೇ ದೇಶದಲ್ಲಿ ಇದೇ ಜನ ಕಟ್ಟಬಲ್ಲರೆಂಬುದಕ್ಕೆ ಅದು ಸಾಕ್ಷಿ.

ಅದೇ ಹೆದ್ದಾರಿಯ ದಕ್ಷಿಣಕ್ಕೆ ಬಂದರೆ ನಮ್ಮ ಕಾರವಾರ. 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿಗೆ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಅದಕ್ಕೆ ನಾಲ್ಕು ದಶಕಗಳ ವಯಸ್ಸು ಅಷ್ಟೆ. ಮೇಲಿದ್ದ ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಸಹಿತ ಎತ್ತಿದರು. ಪಕ್ಕದಲ್ಲೇ ಹೊಸ ಸೇತುವೆಯೊಂದು ಇದ್ದದ್ದರಿಂದ ಎರಡೂ ಕಡೆಯ ಸಂಚಾರವನ್ನು ಅದರ ಮೇಲೆ ಹಾಯಿಸಲು ಸಾಧ್ಯವಾಯಿತು. ಮಹಾಡದಲ್ಲಿಯೂ ಹಾಗೆಯೇ ಪಕ್ಕದಲ್ಲಿ ಇನ್ನೊಂದಿತ್ತು. ಈ ಅಂಶವನ್ನು ಸದಸ್ಯರು ಗಮನಿಸಬೇಕು.

ಏಕೆಂದರೆ ನಮ್ಮ ಹೊಳೆಗೆ ಇರುವುದು ಒಂದೇ ಸೇತುವೆ. ತೊಲೆಗಳ ಕಾಂಕ್ರೀಟು ಉದುರಿ ಕಬ್ಬಿಣದ ಸರಳು ತುಕ್ಕು ಹಿಡಿದು ಕಾಣುತ್ತಿದೆ. ಗೊಬ್ಬರದ ಲಾರಿಯನ್ನು ಈಚೆ ದಡದಲ್ಲೇ ನಿಲ್ಲಿಸಿ ಪಿಕಪ್ಪಿಗೆ ತುಂಬಿ ಒಯ್ಯುತ್ತಿದ್ದೇವೆ. ಕೆಡವಬೇಕಾದ್ದೇ. ರಸ್ತೆ ಒಂದು ಇಲಾಖೆಯದು, ಸೇತುವೆ ಇನ್ನೊಂದರದು. ಮಾರ್ಚ್ ಅಂತ್ಯದೊಳಗೆ ಹಣ ಖರ್ಚಾಗಬೇಕಾದ್ದರಿಂದ ಡಿಸೆಂಬರಿನಲ್ಲಿ ಕೆಡವುವ ಯೋಚನೆಯಿದೆಯೆಂದು ತಿಳಿದುಬಂದಿದೆ. ಡಿಸೆಂಬರೆಂದರೆ ಅರೇಬಿಕಾ ಕೊಯ್ಲಿನ ನಡು, ಅಡಿಕೆಯ ಕೊನೆ ಇಳಿಸುವ ಕಾಲ, ಅದರ ಬೆನ್ನಿಗೇ ರೊಬಸ್ಟಾ. ಆಳುಗಳ ಜೀಪು ಬೆಳಿಗ್ಗೆ ಸಂಜೆ ಹೊಳೆ ದಾಟಲೇಬೇಕು. ಆಗ ಕೆಡವಿ, ಜೂನಿನ ಮಳೆಗೆ ಮೊದಲು ಕಂಬ ನೀರಿನ ಮಟ್ಟಕ್ಕಿಂತ ಮೇಲೇಳದಿದ್ದರೆ ಮುಂದಿನ ಕೆಲಸ ಅಕ್ಟೋಬರಿಗೆ. ಕೊಳೆ ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣವನ್ನು ಆಚೆ ದಡದ ಮೂವತ್ತು ಮನೆಯವರು ತಲೆಹೊರೆಯಲ್ಲಿ ಸಾಗಿಸಬೇಕೆ? ಅಂಧೇರಿಯವನಿಗೆ ತಡವಾದರೆ ಹೊತ್ತು ಹೋಗುತ್ತದೆ, ನಮಗೆ ಹದಿನೈದು ದಿನ ಔಷಧಿ ತಪ್ಪಿದರೆ ಆ ವರ್ಷದ ಫಸಲೇ ಉದುರುತ್ತದೆ.

ಕಳೆದ ತಿಂಗಳ ಸಭೆಯಲ್ಲಿ ಸದಸ್ಯರು ಎರಡು ಪಂಗಡವಾದರು. ಕೆಡವಲು ಬಿಡಬಾರದು ಎಂಬುದು ಒಂದು, ಬಂದ ಹಣ ವಾಪಸು ಹೋಗುವ ಮೊದಲು ಕೆಡವಿಸಿಬಿಡೋಣ ಎಂಬುದು ಇನ್ನೊಂದು. ಎರಡೂ ನನಗೆ ಸಮ್ಮತವಲ್ಲ. ಹೊಸ ಸೇತುವೆಯನ್ನು ಹಳೆಯದರ ಮೇಲ್ಬದಿಗೆ, ಪಕ್ಕದಲ್ಲಿ ಕಟ್ಟಲಿ. ಅದು ತೆರೆಯುವ ತನಕ ಹಳೆಯದು ಜೀಪು, ಪಿಕಪ್ಪುಗಳಿಗಷ್ಟೇ ಇರಲಿ, ಅದೂ ಇಂಜಿನಿಯರು ತಪಾಸಣೆ ಮಾಡಿ ಭಾರದ ಮಿತಿಯನ್ನು ಬರೆದುಕೊಟ್ಟ ಮೇಲೆ. ಹೀಗೆ ಮಾಡಲು ಅಡ್ಡಿಯಾಗಿರುವುದು ಇಲಾಖೆಯಲ್ಲ, ನಾವೇ. ಮೇಲ್ಬದಿಯ ಎರಡೂ ದಡದಲ್ಲಿ ನಮ್ಮ ಇಬ್ಬರು ಸದಸ್ಯರ ತೋಟ ಇದೆ. ಒಟ್ಟು ನಾಲ್ಕು ಗುಂಟೆ ಜಾಗ, ಐವತ್ತರಷ್ಟು ಫಸಲಿನ ಅಡಿಕೆ ಮರಗಳು ಹೋಗುತ್ತವೆ. ಊರಿನ ಉಪಕಾರಕ್ಕೆ ಬಿಟ್ಟುಕೊಡಿ ಎಂದು ಸಭೆಯಲ್ಲಿ ಹೇಳಿದವರ ಒಂದು ಮರವೂ ಹೋಗುವುದಿಲ್ಲ. ಹತ್ತಾರು ವರ್ಷ ಸಾಕಿದ ಮರವನ್ನು ಬರೀ ಮಾತಿಗೆ ಕಡಿಸುವುದು ನ್ಯಾಯವಲ್ಲ. ಸರಕಾರದ ಪರಿಹಾರ ಬರುವ ತನಕ ಆ ಮರಗಳ ವಾರ್ಷಿಕ ಫಸಲಿನ ಬೆಲೆಯನ್ನು ಸಂಘವು ಆ ಇಬ್ಬರಿಗೂ ಕೊಡಬೇಕೆಂದು ಆಡಳಿತ ಮಂಡಳಿಯ ಮುಂದೆ ಸೂಚನೆ ಇಟ್ಟಿದ್ದೇನೆ. ಸಂಘದ ಹಣ ರಸ್ತೆ ಸೇತುವೆಗಳಿಗಲ್ಲ ಎಂದು ಇಬ್ಬರು ನಿರ್ದೇಶಕರು ಆಕ್ಷೇಪಿಸಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ; ಆದರೆ ಸೇತುವೆಯಿಲ್ಲದ ಒಂದು ಮಳೆಗಾಲದಲ್ಲಿ ಸಂಘದ ಗೋದಾಮಿಗೆ ಬಾರದೆ ಉಳಿಯುವ ಮಾಲಿನ ಲೆಕ್ಕವನ್ನೂ ಅವರು ಹಾಕಿ ನೋಡಬೇಕೆಂದು ಕೋರುತ್ತೇನೆ.

ಮನವಿಯಲ್ಲಿ ಬರೆಯಬೇಕಾದ್ದು ಇನ್ನೂ ಇದೆ. ಎರಡೂ ಇಲಾಖೆಗಳ ಪರವಾಗಿ ಉತ್ತರ ಕೊಡಬೇಕಾದ ಅಧಿಕಾರಿ ಯಾರೆಂದು ಲಿಖಿತವಾಗಿ ತಿಳಿಸಬೇಕು. ನಕ್ಷೆ ಮಂಜೂರಾಗಿ, ಗುತ್ತಿಗೆ ಆಗಿ, ಕಬ್ಬಿಣ ಸಿಮೆಂಟು ಸ್ಥಳಕ್ಕೆ ಬಂದ ಮೇಲೆ ಕೆಲಸ ಸುರುವಾಗಬೇಕು. ಹೊಸ ಸೇತುವೆಯ ಮಟ್ಟವೂ ಎರಡು ಬದಿಯ ರಸ್ತೆಯ ಮಟ್ಟವೂ ಒಂದೇ ನಕ್ಷೆಯಲ್ಲಿ ಇರಬೇಕು (ಇದನ್ನು ಓದಿ ನಗುವವರು ಬರ್ಫಿವಾಲಾವನ್ನು ನೆನೆಯಲಿ). ಪ್ರತಿ ತಿಂಗಳು ಎಷ್ಟು ಕೆಲಸವಾಯಿತೆಂಬ ವಿವರವನ್ನು ಸಂಘದ ಕಚೇರಿಯ ಹಲಗೆಗೆ ಅಂಟಿಸಲು ಕಳಿಸಬೇಕು. ತಡವಾದರೆ ಕಾರಣ ಹೇಳಲಿ, ನಾವೂ ಮಳೆ ನೆರೆ ಕಂಡವರೇ. ಅಂಧೇರಿಯ ನಿವಾಸಿಗಳನ್ನು ಕೆರಳಿಸಿದ್ದು ಬರೀ ತಡವಲ್ಲ. ಒಂದು ತಾರೀಖು ದಾಟಿದ ಮೇಲೆ ಇನ್ನೊಂದನ್ನು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿ ಬಂದದ್ದು.

ಮನವಿಯ ಕರಡು ಕಚೇರಿಯಲ್ಲಿದೆ. ಮುಂದಿನ ಎರಡು ಸಂತೆಯ ದಿನಗಳಲ್ಲಿ ಸದಸ್ಯರು ಬಂದು ಓದಿ ಸಹಿ ಹಾಕಬೇಕಾಗಿ ವಿನಂತಿ. ಒಪ್ಪದವರು ತಮ್ಮ ಅಭಿಪ್ರಾಯವನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟರೆ ಅದನ್ನೂ ಮನವಿಯ ಜೊತೆಗೇ ಲಗತ್ತಿಸಲಾಗುವುದು. ತೋಟ ಹೋಗುವ ಇಬ್ಬರು ಸದಸ್ಯರೊಡನೆ ಮಾತುಕತೆಗೆ ಅಧ್ಯಕ್ಷರೂ ನಾನೂ ಈ ಭಾನುವಾರ ಅವರ ಮನೆಗಳಿಗೇ ಹೋಗುತ್ತಿದ್ದೇವೆ. ಅಷ್ಟರೊಳಗೆ ಅವರನ್ನು ಸಂತೆಯಲ್ಲಿ, ಮದುವೆ ಮನೆಗಳಲ್ಲಿ ಹಿಡಿದು ಒತ್ತಾಯಿಸುವುದನ್ನು ದಯವಿಟ್ಟು ಯಾರೂ ಮಾಡಬಾರದು.