ದುಃಖ ಹೇಳಿಕೊಳ್ಳಲು ಮನೆಯಲ್ಲಿ ಇಂಬಿರಲಿ



ಮಾನವ ಜೀವನ ಸುಖ ದುಃಖಗಳ ಸಂಗಮ. ಬರೀ ಸುಖವನ್ನೇ ಉಂಡವರಿಲ್ಲ. ಬರೀ ದುಃಖದಲ್ಲಿಯೇ ಬಾಳು ಸವೆಸಿದವರೂ ಇಲ್ಲ. ಸಂಗಮವೆಂದರೇನೆಂದು ನಿಪ್ಪಾಣಿ ತಾಲೂಕಿನ ಭೋಜ ಗ್ರಾಮದ ಜನರಿಗೆ ಬೇರೆಯವರು ತಿಳಿಸಬೇಕಾಗಿಲ್ಲ. ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವುದು ಆ ಊರಿನ ಸನಿಹದಲ್ಲಿಯೇ. ಮುಂದೆ ದೂಧಗಂಗೆ ಚಿಕ್ಕೋಡಿ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಈ ಭಾಗದ ಕಬ್ಬನ್ನು ಬೆಳೆಸಿ, ಮನೆ ಮಕ್ಕಳನ್ನು ಸಲಹಿದ್ದು ಈ ನೀರು. 2005, 2019 ಮತ್ತು 2021ರ ಮಳೆಗಾಲದಲ್ಲಿ ನದಿ ದಂಡೆಯ ಹೊಲ ಮನೆಗಳಿಗೆ ನುಗ್ಗಿದ್ದೂ ಇದೇ ನೀರು.

ಪ್ರವಾಹ ಬರುವ ಕಾಲಕ್ಕೆ ಈ ಜನ ನಡೆದುಕೊಳ್ಳುವ ರೀತಿಯನ್ನು ನಾವು ಕಂಡಿದ್ದೇವೆ. ಸಹ್ಯಾದ್ರಿಯಲ್ಲಿ ಮಳೆ ಜೋರಾಯಿತೆಂದರೆ ಹಿರಿಯರು ದಂಡೆಗೆ ಹೋಗಿ ನೀರು ನೋಡಿ ಬರುತ್ತಾರೆ. ಕಾಳಮ್ಮವಾಡಿ ಜಲಾಶಯದಿಂದ ನೀರು ಬಿಟ್ಟರೇ ಎಂದು ವಿಚಾರಿಸುತ್ತಾರೆ. ನೀರು ಏರುತ್ತಿದೆ ಎಂದು ಓಣಿ ಓಣಿಗೆ ತಿಳಿಸುತ್ತಾರೆ. ದನಕರುಗಳ ಹಗ್ಗ ಬಿಚ್ಚಿ, ವೃದ್ಧರು, ಬಾಣಂತಿಯರು, ಕೂಸುಗಳನ್ನು ಮೊದಲು ಎತ್ತರದ ಸ್ಥಳಕ್ಕೆ ಸಾಗಿಸುತ್ತಾರೆ. ನಮ್ಮ ಮನೆಗೆ ನೀರು ಬಂತು ಎಂದು ಹೇಳಲು ಯಾರೂ ನಾಚುವುದಿಲ್ಲ. ಹೇಳಿದ್ದರಿಂದಲೇ ಜೀವಗಳು ಉಳಿಯುತ್ತವೆ.

ಆದರೆ ಮನೆಯೊಳಗೆ ಏರುವ ಇನ್ನೊಂದು ನೀರುಂಟು. ಕೈಗಡ ಸಾಲ, ಕೈಕೊಟ್ಟ ಬೆಳೆ, ಅಣ್ಣ ತಮ್ಮಂದಿರ ಹಿಸ್ಸೆಯ ಜಗಳ, ಮಗನ ಕುಡಿತ, ಸೊಸೆಯ ಮೌನ. ಇದನ್ನು ಮಾತ್ರ ನಾವು ಯಾರಿಗೂ ಹೇಳುವುದಿಲ್ಲ. ಮಾನ ಹೋದೀತೆಂಬ ಅಂಜಿಕೆ. ಮಾನ ಉಳಿಸಿಕೊಳ್ಳಲು ಹೋಗಿ ಮನುಷ್ಯನನ್ನೇ ಕಳೆದುಕೊಂಡ ಮನೆಗಳಿಗೆ ಸಾಂತ್ವನ ಹೇಳಲು ಹೋಗುವ ಪ್ರಸಂಗ ನಮಗೆ ಅನೇಕ ಸಲ ಬಂದಿದೆ. ಅಲ್ಲಿ ಎಲ್ಲರೂ ಹೇಳುವ ಮಾತು ಒಂದೇ: “ಒಂದ್ ಮಾತ್ ಹೇಳಿದ್ರ ಏನಾರ ಮಾಡ್ತಿದ್ದಿವ್ರೀ ಅಪ್ಪಾವ್ರ.”

ಒಮ್ಮೆ ಶ್ರಾವಣ ಮಾಸದ ಪ್ರವಚನ ಮುಗಿದು ಎಲ್ಲರೂ ಎದ್ದು ಹೋದರೂ ಒಬ್ಬ ರೈತ ಕುಳಿತೇ ಇದ್ದ. ಮೂರು ವರ್ಷಗಳಿಂದ ಬಡ್ಡಿ ಸಾಲ ಬೆಳೆಯುತ್ತ ಬಂದಿತ್ತು. ಮನೆಯಲ್ಲಿ ಹೇಳಿರಲಿಲ್ಲ. “ಹೇಳಿದ್ರ ಅಕಿ ಎದಿ ಒಡಕೋತಾಳ್ರಿ” ಎಂದ. ಅವನ ಒಪ್ಪಿಗೆ ಪಡೆದು ಮರುದಿನ ಇಬ್ಬರನ್ನೂ ಕರೆಸಿದೆವು. ಆ ತಾಯಿ ಎಲ್ಲವನ್ನೂ ಕೇಳಿ ಹೇಳಿದಳು: “ಸಾಲದ್ದೇನು ಬಿಡ್ರಿ ಅಪ್ಪಾವ್ರ. ಮೂರ್ ವರ್ಷ ಇವ್ರು ಮಾರಿ ಕೊಟ್ಟು ಮಾತಾಡಿಲ್ಲ. ನನ್ನ ಮ್ಯಾಲೆ ಸಿಟ್ಟೈತಿ ಅಂತ ತಿಳ್ಕೊಂಡಿದ್ನಿ.” ನೋಡಿರಿ, ಗಂಡ ಹೊತ್ತದ್ದು ಸಾಲದ ಭಾರ, ಅವನು ಬಚ್ಚಿಟ್ಟಿದ್ದರಿಂದ ಹೆಂಡತಿ ಹೊತ್ತದ್ದು ಅದಕ್ಕಿಂತ ಹೆಚ್ಚಿನ ಭಾರ. ಸಾಲ ಅಂದೇ ತೀರಲಿಲ್ಲ. ಒಂದು ಎಮ್ಮೆ ಮಾರಿದರು, ಮನೆ ಕಟ್ಟುವುದನ್ನು ಮುಂದೆ ಹಾಕಿದರು, ನಾಲ್ಕು ಹಂಗಾಮು ದುಡಿದು ತೀರಿಸಿದರು. ಆದರೆ ಆ ಮನೆಗೆ ನಿದ್ರೆ ಬಂದದ್ದು ಅದೇ ರಾತ್ರಿ.

ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಚರಿತ್ರೆಯನ್ನು ನೀವೆಲ್ಲ ಬಲ್ಲಿರಿ. ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವರು ಅವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದು ನಮಗೆ ಬೇಡ, ಮರಳಿ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಆಸೆ ಸಲ್ಲದೆಂಬುದಕ್ಕೆ ಈ ಕಥೆ ಹೇಳುತ್ತೇವೆ. ಇದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆ. ಗಂಡ ತಂದದ್ದೆಷ್ಟೆಂಬುದು ಹೆಂಡತಿಗೆ ಗೊತ್ತಿತ್ತು. ಇದು ಸರಿಯಲ್ಲವೆಂದು ಹೇಳುವ ಅಧಿಕಾರ ಆಕೆಗಿತ್ತು. ಕೇಳಿ ನಡೆಯುವ ವಿನಯ ಆತನಿಗಿತ್ತು. ಈ ಮೂರೂ ಇದ್ದ ಮನೆಯಲ್ಲಿ ಬಡತನವಿದ್ದರೂ ಭಯವಿರಲಿಲ್ಲ. ವೀರಶೈವರ ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಈ ವಿನಯವೇ. ಅದು ಗುರುವಿನ ಮುಂದೆ ತೋರಿಸಿ ಮನೆಯ ಹೊಸ್ತಿಲಲ್ಲಿ ಬಿಟ್ಟು ಹೋಗುವ ವಸ್ತುವಲ್ಲ.

ಮನೆಯ ಹಿರಿಯರಲ್ಲಿ ನಮ್ಮದೊಂದು ಕಳಕಳಿಯ ಮಾತು. ಮಗ ಬಂದು ತಪ್ಪಾಯಿತೆಂದಾಗ, ನಮ್ಮ ಮನೆತನದಲ್ಲಿ ಯಾರೂ ಹೀಗೆ ಮಾಡಿರಲಿಲ್ಲ ಎಂಬ ಮಾತು ಮೊದಲು ಬರುತ್ತದೆ. ಆ ಒಂದು ಮಾತು ಬಾಗಿಲು ಮುಚ್ಚುತ್ತದೆ. ಮತ್ತೆ ಅವನು ಬಾಯಿ ಬಿಡುವುದಿಲ್ಲ. ಮೊದಲು “ಉಂಡಿಯೇನಪಾ?” ಎಂದು ಕೇಳಿರಿ. ಲೆಕ್ಕ, ಬುದ್ಧಿಮಾತು ಊಟವಾದ ಮೇಲೆ ಇರಲಿ.

ಲಿಂಗಪೂಜೆ ಮಾಡಿದರೆ ಎಲ್ಲ ಪರಿಹಾರವಾಗದೇ ಎಂದು ಕೆಲವರು ಕೇಳುತ್ತಾರೆ. ಪೂಜೆಯಿಂದ ಮನಸ್ಸಿಗೆ ಸ್ಥೈರ್ಯ ಬರುತ್ತದೆ, ಸಂದೇಹವಿಲ್ಲ. ಆದರೆ ಸಾಲದ ಲೆಕ್ಕ ನಾವೇ ಮಾಡಬೇಕು, ರೋಗಕ್ಕೆ ಔಷಧ ನಾವೇ ತರಬೇಕು. ಮನಸ್ಸಿನ ಬೇನೆಯೂ ಬೇನೆಯೇ. ನಿದ್ರೆ ಹೋಗಿ, ಅನ್ನ ಬೇಡವಾಗಿ, ನಾನಿದ್ದು ಏನು ಪ್ರಯೋಜನ ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅದನ್ನು ಹಗುರಾಗಿ ಎಣಿಸಬೇಡಿರಿ. ಅವರನ್ನು ಒಂಟಿಯಾಗಿ ಬಿಡಬೇಡಿರಿ. ಬೆಳೆಗೆ ತಂದ ವಿಷದ ಡಬ್ಬಿಗಳು ಅವರ ಕೈಗೆ ಸಿಗದಂತೆ ನೋಡಿಕೊಳ್ಳಿರಿ. ತಾಯಿತ ಕಟ್ಟಿಸುತ್ತ ಕಾಲ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯುಂಟು. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಿ ಧೈರ್ಯ ಹೇಳುತ್ತಾರೆ. ಈ ಸಂಖ್ಯೆಯನ್ನು ಪಡಸಾಲೆಯ ಗೋಡೆಯ ಮೇಲೆ ಬರೆದಿಡಿರಿ.

ಪ್ರತಿ ಸೋಮವಾರ ಸಂಜೆ ಪೂಜೆಯಾದ ಬಳಿಕ ಟಿ.ವಿ., ಮೊಬೈಲು ಬದಿಗಿಟ್ಟು ಮನೆಮಂದಿಯೆಲ್ಲ ಅರ್ಧ ತಾಸು ಕೂಡಿ ಕುಳಿತುಕೊಳ್ಳಿರಿ. ಬಂದದ್ದೆಷ್ಟು, ಕೊಡಬೇಕಾದದ್ದೆಷ್ಟು ಎಂಬುದು ಎಲ್ಲರಿಗೂ ತಿಳಿಯಲಿ. ಸೊಸೆಯನ್ನೂ ಕೇಳಿರಿ, ಓದುವ ಮಕ್ಕಳನ್ನೂ ಕೇಳಿರಿ. ನದಿಯ ನೀರನ್ನು ನೋಡಿ ಬರುವ ಹಿರಿಯರು ದಿನಕ್ಕೊಮ್ಮೆ ಮನೆಯವರ ಮುಖವನ್ನೂ ನೋಡಲಿ. ಏರುವ ಮೊದಲೇ ತಿಳಿದರೆ ದಾಟಿಸುವುದು ಕಷ್ಟವಲ್ಲ.

ಸರ್ವರ ಮನೆಯಲ್ಲಿ ಶಾಂತಿ ನೆಲೆಸಲಿ, ಸಕಲ ಸದ್ಭಕ್ತರಿಗೆ ಸನ್ಮಂಗಲವಾಗಲಿ ಎಂದು ಹಾರೈಸುತ್ತೇವೆ.