ಸಂಧಿವಾತವೂ ಸ್ತ್ರೀಯರೂ

ಕ್ರಿ. ಶ. ೧೮೦೦ರಲ್ಲಿ ಪ್ಯಾರಿಸಿನ ಲಾಂಡ್ರೆ-ಬೋವೆ ಎಂಬ ತರುಣ ವೈದ್ಯನು ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಒಂಬತ್ತು ರೋಗಿಗಳನ್ನು ಪರೀಕ್ಷಿಸಿ, ಇವರನ್ನು ಕಾಡುತ್ತಿರುವದು ಸಿರಿವಂತ ಗಂಡಸರ ಗೌಟ್ ಅಲ್ಲ, ಬೇರೆಯೇ ಒಂದು ಸಂಧಿರೋಗವೆಂದು ಪ್ರಬಂಧವನ್ನು ಬರೆದನು. ಆ ಒಂಬತ್ತು ಜನರೂ ಸ್ತ್ರೀಯರು. ಅದು ಸ್ತ್ರೀಯರ ಆಸ್ಪತ್ರೆಯೇ ಆಗಿದ್ದಿತಾದುದರಿಂದ ಇದರಲ್ಲೇನು ವಿಶೇಷವೆಂದು ಕೇಳಬಹುದು. ಆದರೆ ಆಮೇಲಿನ ಎಣಿಕೆಯೂ ಅದೇ ಮಾತನ್ನು ಹೇಳುತ್ತದೆ: ಶರೀರದ ರಕ್ಷಣಾಶಕ್ತಿಯೇ ಶರೀರದ ಕೀಲುಗಳ ಮೇಲೆ ತಿರುಗಿಬೀಳುವ ಈ ರುಮಟಾಯ್ಡ್ ಸಂಧಿವಾತವು ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು-ಮೂರು ಪಟ್ಟು ಹೆಚ್ಚು.

ಹೀಗೇಕೆಂಬದು ಪೂರ್ಣವಾಗಿ ಬಿಡಿಸದ ಒಗಟು. ಗರ್ಭಿಣಿಯರಲ್ಲಿ ಈ ರೋಗವು ಅನೇಕ ವೇಳೆ ತಾನಾಗಿ ತಗ್ಗುವದನ್ನು ಅಮೇರಿಕೆಯ ಡಾಕ್ಟರ್ ಹೆಂಚ್ ಅವರು ೧೯೩೦ರ ದಶಕದಲ್ಲಿ ಲಕ್ಷ್ಯಕ್ಕೆ ತಂದುಕೊಂಡರು. ಅದೇ ಜಾಡಿನಲ್ಲಿ ನಡೆದ ಶೋಧನೆಯು ೧೯೪೮ರಲ್ಲಿ ಕಾರ್ಟಿಸೋನ್ ಚಿಕಿತ್ಸೆಗೂ, ೧೯೫೦ರಲ್ಲಿ ನೊಬೆಲ್ ಪಾರಿತೋಷಕಕ್ಕೂ ಮುಟ್ಟಿತು. ಆದರೆ ಹೆರಿಗೆಯಾದ ಕೆಲವು ತಿಂಗಳೊಳಗೆ ರೋಗವು ಮರಳಿ ಕೆರಳುವದು. ಕೆಲವರಲ್ಲಿ ಆಗಲೇ ಮೊದಲು ತಲೆದೋರುವದು. ನಮ್ಮ ಮನೆಗಳಲ್ಲಿ ಕಾರ್ಯವು ಕೆಡುವದು ಇಲ್ಲಿಯೇ. ಬಾಣಂತಿಯ ಬೆರಳು ಬಾತರೆ ಬಾಣಂತನದಲ್ಲಿ ಶೀತ ತಾಕಿತೆಂದು ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವರು. ನಲವತ್ತು ದಾಟಿದವಳಿಗೆ ವಯಸ್ಸಿನ ವಾಯುವೆನ್ನುವರು. ಮೊದಲ ಕೆಲವು ತಿಂಗಳಲ್ಲಿ ಔಷಧ ದೊರೆತರೆ ಉಳಿಯಬಹುದಾದ ಕೀಲು ಹೀಗೆ ಸವೆದು ಸೊಟ್ಟಗಾಗುವದು. ಸವೆದ ಎಲುಬು ಮತ್ತೆ ಮೊದಲಿನಂತಾಗದು.

ಪುರುಷರು ನಿಶ್ಚಿಂತರೆಂದಲ್ಲ. ಚಿತ್ರಕಾರ ರೆನ್ವಾರ್ ಇದೇ ರೋಗದಿಂದ ಕೈ ಮುರುಟಿದ್ದರೂ ೧೯೧೯ರಲ್ಲಿ ಸಾಯುವವರೆಗೆ ಕುಂಚ ಬಿಡಲಿಲ್ಲ. ಧೂಮಪಾನದಿಂದ ಬರುವ ಅಪಾಯವು ಗಂಡಸರಲ್ಲಿ ವಿಶೇಷವಾಗಿ ಕಂಡಿದೆ; ರೋಗವು ಶ್ವಾಸಕೋಶಕ್ಕೆ ಹಬ್ಬುವದೂ ಅವರಲ್ಲಿಯೇ ಹೆಚ್ಚು.

ಇನ್ನು ಔಷಧದ ಮಾತು. ಮುಖ್ಯ ಔಷಧವಾದ ಮೆಥೋಟ್ರೆಕ್ಸೇಟ್ ದುಬಾರಿಯದಲ್ಲ. ಆದರೆ ಅದನ್ನು ವಾರಕ್ಕೊಮ್ಮೆ ಮಾತ್ರ ನುಂಗತಕ್ಕದ್ದು; ದಿನಾಲು ನುಂಗಿದರೆ ಪ್ರಾಣಕ್ಕೇ ಮುಳುವು. ಗರ್ಭಸ್ಥ ಶಿಶುವಿಗೆ ಅದು ಘಾತುಕವಾದ್ದರಿಂದ ಗರ್ಭ ನಿಲ್ಲುವದಕ್ಕೆ ಮೊದಲೇ ವೈದ್ಯರನ್ನು ಕೇಳಿ ಬಿಡಬೇಕು. ಗರ್ಭಿಣಿಯರಿಗೆ ಸಲ್ಲುವ ಬೇರೆ ಔಷಧಗಳುಂಟು. ಇಷ್ಟನ್ನೂ ಆಕೆಯ ಭಾಷೆಯಲ್ಲಿ ಹೇಳದೆ ಚೀಟಿ ಬರೆದುಕೊಡುವದು ಚಿಕಿತ್ಸೆಯಲ್ಲ.

ಆಶಾ ಕಾರ್ಯಕರ್ತೆಯರು ಈಗ ಮನೆಮನೆಗೆ ಹೋಗಿ ರಕ್ತದೊತ್ತಡ, ಮಧುಮೇಹಗಳ ವಿಚಾರಣೆ ಮಾಡುತ್ತಿರುವರು. ಅದರೊಡನೆ ಇನ್ನೆರಡು ಪ್ರಶ್ನೆಗಳನ್ನು ಕೇಳಲು ಸರಕಾರಕ್ಕೆ ಯಾವ ಭಾರವೂ ಆಗಲಾರದು: ಬೆಳಿಗ್ಗೆ ಎದ್ದಾಗ ಕೈಬೆರಳು ಅರ್ಧ ತಾಸಿಗಿಂತ ಹೆಚ್ಚು ಬಿಗಿದಿರುವವೇ? ಎರಡೂ ಕೈಗಳ ಗೆಣ್ಣುಗಳು ಬಾತು ಆರು ವಾರಗಳಾದವೇ? ಹೌದೆಂದವಳನ್ನು ರಕ್ತಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಕಳಿಸುವ ಏರ್ಪಾಡಾಗಲಿ. ಔಷಧವು ತಾಲೂಕಿನಲ್ಲಿಯೇ ಸಿಗಲಿ.